ಬಾಗಿಲು ತೆರೆಯದ ಕೆಂಪು ಕಾರು

ನಿಮ್ಮ ಮನೆಯಲ್ಲಿ ಕಾರಿದ್ದರೆ, ಅದನ್ನು ಇನ್ನಷ್ಟು ಅಂದಗೊಳಿಸುವ ಆಸೆಯೂ ಇದ್ದರೆ… ಇದನ್ನು ನಿಧಾನವಾಗಿ ಓದಿ.

ಹುಬ್ಬಳ್ಳಿಯ ಮಾರ್ಬಲ್ ವ್ಯಾಪಾರಿ ಶಿವಾನಂದ ಮೆಣಸಿನಕಾಯಿ ನಲವತ್ತನೆಯ ವಯಸ್ಸಿಗೆ ತಮ್ಮ ಕನಸಿನ ಕಾರು ಕೊಂಡರು. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು… ಸೆಕೆಂಡ್ ಹ್ಯಾಂಡ್. ಆದರೂ ರಸ್ತೆಗಿಳಿದರೆ ಜನ ತಿರುಗಿ ನೋಡುತ್ತಿದ್ದರು.

ತಂದ ವಾರವೇ ಮೆಕ್ಯಾನಿಕ್ ಇಮಾಮಸಾಬ ನದಾಫರ ಗ್ಯಾರೇಜಿಗೆ ಒಯ್ದರು. ಕಾರಿನ ಎತ್ತರವನ್ನು ಇನ್ನೂ ತಗ್ಗಿಸಬೇಕು, ಗಾಜಿಗೆ ದಪ್ಪನೆಯ ಕಪ್ಪು ಫಿಲ್ಮ್ ಬೇಕು, ಸೀಟಿನ ಹಿಂದೆ ದೊಡ್ಡ ಸ್ಪೀಕರ್ ಬಾಕ್ಸ್ ಬೇಕು ಎಂದರು.

ಇಮಾಮಸಾಬರು ಬಗ್ಗಿ ಟೈರಿನ ಮೇಲಿದ್ದ ತಯಾರಿಕೆಯ ವರ್ಷ ಓದಿದರು. ಏಳು ವರ್ಷ ಹಳೆಯದು. ಬ್ರೇಕ್ ಆಯಿಲ್ ಕಪ್ಪಗಾಗಿತ್ತು. ಮೊದಲು ಗಾಡಿ ಸರಿಯಾಗಿ ನಿಲ್ಲುವಂತೆ ಮಾಡೋಣ, ಅಂದಚೆಂದ ಆಮೇಲೆ ಎಂದರು.

ಆ ಕಾರಿನ ಬಾಗಿಲಿಗೆ ಹಿಡಿಕೆ ಇರಲಿಲ್ಲ. ಬಟನ್ ಒತ್ತಿದರೆ ಕರೆಂಟಿನಿಂದ ತೆರೆಯುತ್ತಿತ್ತು. ಕರೆಂಟು ಕೈಕೊಟ್ಟಾಗ ಎಳೆಯಲೆಂದು ಸೀಟಿನ ಹಿಂದೆ, ನೆಲದಲ್ಲಿ ಒಂದು ಸಣ್ಣ ಕೇಬಲ್… ಸ್ಪೀಕರ್ ಬಾಕ್ಸ್ ಕೂರಬೇಕಾದ ಜಾಗವೂ ಅದೇ.

“ಅದನ್ನ ಮುಚ್ಚಬ್ಯಾಡ್ರಿ ಸಾಹೇಬ್ರ. ಈ ಕೆಲಸ ನಾ ಮಾಡಂಗಿಲ್ಲ,” ಎಂದರು ಇಮಾಮಸಾಬರು.

ಶಿವಾನಂದರಿಗೆ ಅವಮಾನವಾಯಿತು. ಬೇರೆ ಅಂಗಡಿಯಲ್ಲಿ ಎರಡೇ ದಿನದಲ್ಲಿ ಎಲ್ಲವನ್ನೂ ಮಾಡಿಸಿದರು. ಅಷ್ಟಕ್ಕೇ ಬಿಡಲಿಲ್ಲ… ಈ ಮನುಷ್ಯ ಹಳೇ ಕಾಲದವನು, ಹೊಸ ಗಾಡಿ ಇವನಿಗೆ ತಿಳಿಯುವುದಿಲ್ಲ ಎಂದು ಕಾರು ಮಾಲೀಕರ ವಾಟ್ಸಾಪ್ ಗ್ರೂಪಿನಲ್ಲಿ ಬರೆದರು.

ಕೆಲವು ಗಿರಾಕಿಗಳು ಇಮಾಮಸಾಬರ ಕಡೆ ಹೋಗುವುದನ್ನೇ ಬಿಟ್ಟರು. ಇಮಾಮಸಾಬರಿಗೂ ಕಾರಣ ಗೊತ್ತಾಯಿತು.

ಎಂಟು ತಿಂಗಳು ಕಳೆಯಿತು. ಏಪ್ರಿಲ್‌ನ ಒಂದು ಮಧ್ಯಾಹ್ನ…

ಊರ ಹೊರಗಿನ ಕಲ್ಯಾಣ ಮಂಟಪದಲ್ಲಿ ಸಂಬಂಧಿಕರ ಮದುವೆ. ಹೆಂಡತಿ ಮುಂಚೆಯೇ ಹೋಗಿದ್ದರು. ಶಿವಾನಂದ ಒಂಬತ್ತು ವರ್ಷದ ಮಗಳು ಮೇದಿನಿಯನ್ನು ಕರೆದುಕೊಂಡು ಬಂದು, ಮಂಟಪದ ಹಿಂದೆ ಕಾಂಪೌಂಡ್ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿದರು.

ಎಂಜಿನ್ ಬಂದ್ ಮಾಡಿದರು. ಹಾಡು ಮುಗಿಯಲಿ ಎಂದಳು ಮಗಳು. ಇಬ್ಬರೂ ಕೂತರು.

ಸ್ಪೀಕರ್ ಬಾಕ್ಸಿನ ಕಡೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹಾಡು ನಿಂತಿತು.

ಬಟನ್ ಒತ್ತಿದರು… ಬಾಗಿಲು ತೆರೆಯಲಿಲ್ಲ. ಗಾಜು ಇಳಿಯಲಿಲ್ಲ. ಹಾರ್ನ್ ಕೂಡ ಸತ್ತಿತ್ತು.

ಹೆಂಡತಿಗೆ ಫೋನ್ ಮಾಡಿದರು. ಬ್ಯಾಂಡಿನ ಗದ್ದಲದಲ್ಲಿ ಎತ್ತಲಿಲ್ಲ. ಭಾವಮೈದುನನೂ ಎತ್ತಲಿಲ್ಲ.

ಮೊಣಕೈಯಿಂದ ಗಾಜಿಗೆ ಗುದ್ದಿದರು. ಬೂಟುಗಾಲಿನಿಂದ ಒದ್ದರು. ಗಾಜು ಬಿರುಕುಬಿಟ್ಟಿತು… ಆದರೆ ಆ ದಪ್ಪ ಫಿಲ್ಮ್ ಅದನ್ನು ಬೀಳಲು ಬಿಡಲಿಲ್ಲ.

ಹತ್ತು ಹೆಜ್ಜೆ ದೂರದಲ್ಲಿ ಒಬ್ಬರು ನಡೆದುಹೋದರು. ಕಪ್ಪು ಗಾಜಿನೊಳಗೆ ಅವರಿಗೆ ಏನೂ ಕಾಣಲಿಲ್ಲ, ಬ್ಯಾಂಡಿನಲ್ಲಿ ಏನೂ ಕೇಳಲಿಲ್ಲ.

ಮೇದಿನಿಯ ಮುಖ ಕೆಂಪಾಗಿತ್ತು. “ಪಪ್ಪಾ, ಉಸಿರಾಡಾಕ ಆಗವಲ್ದು,” ಎಂದಳು.

ಆಗ ಶಿವಾನಂದ ಇಮಾಮಸಾಬರ ನಂಬರ್ ಒತ್ತಿದರು. ಎತ್ತುತ್ತಾರೋ ಇಲ್ಲವೋ…

ಮೊದಲ ರಿಂಗಿಗೇ ಎತ್ತಿದರು. ಹಳೆಯದೇನನ್ನೂ ಕೆದಕಲಿಲ್ಲ. ಎಲ್ಲಿದ್ದೀರಿ, ಒಳಗೆ ಎಷ್ಟು ಜನ ಎಂದಷ್ಟೇ ಕೇಳಿದರು. ಫೋನ್ ಇಡದೆಯೇ ಸ್ಕೂಟರ್ ಹತ್ತಿದರು.

ದಾರಿಯುದ್ದಕ್ಕೂ ಮಾತಾಡುತ್ತಲೇ ಬಂದರು. ಫೋನ್ ಸ್ಪೀಕರಿಗೆ ಹಾಕಿಸಿ ಮೊದಲು ಮಗುವಿಗೆ ಹೇಳಿದರು.

“ಅಳಬ್ಯಾಡವ್ವಾ. ಫೋನಿನ ಟಾರ್ಚ್ ಹಚ್ಚಿ ಅಪ್ಪಗ ಬೆಳಕ ಹಿಡಿ. ಅಷ್ಟ ನಿನ್ನ ಕೆಲಸ.”

ಮಗು ಬೆಳಕು ಹಿಡಿಯಿತು. ಇಮಾಮಸಾಬರು ಸ್ಪೀಕರ್ ಬಾಕ್ಸ್ ಬಿಚ್ಚಿ ಅದರಡಿಯ ಕೇಬಲ್ ಎಳೆಯಲು ಹೇಳಿದರು. ಬಾಕ್ಸಿಗೆ ನಾಲ್ಕು ಸ್ಕ್ರೂ. ಶಿವಾನಂದ ಸೀಟಿನ ಮೇಲೆ ಹಿಂದಕ್ಕೆ ಮಂಡಿಯೂರಿ, ರೂಪಾಯಿ ನಾಣ್ಯದಿಂದ ಒಂದೊಂದನ್ನೇ ತಿರುಗಿಸಿದರು. ಬೆವರಿಗೆ ನಾಣ್ಯ ಜಾರುತ್ತಿತ್ತು. ಉಗುರು ಕಿತ್ತು ರಕ್ತ ಬಂತು. ನಾಲ್ಕನೆಯದು ಅಲ್ಲಾಡಲೇ ಇಲ್ಲ.

ಬಾಕ್ಸ್ ಮುರಿದರೂ ಚಿಂತೆಯಿಲ್ಲ, ಎರಡೂ ಕೈಯಿಂದ ಜಗ್ಗಿ ಎಂದರು ಇಮಾಮಸಾಬರು.

ಜಗ್ಗಿದರು… ಹಲಗೆ ಸೀಳಿತು. ಕೈ ತೂರಿಸಿದರು. ಬೆರಳಿಗೆ ಕೇಬಲ್ ಸಿಕ್ಕಿತು.

ಬಾಗಿಲು ತೆರೆಯಿತು.

ಸ್ಕೂಟರ್ ಬಂದು ನಿಂತಾಗ ತಂದೆ, ಮಗಳು ಗೋಡೆಯ ನೆರಳಿನಲ್ಲಿ ಕೂತಿದ್ದರು. ಇಮಾಮಸಾಬರು ಮಗುವಿನ ತಲೆಗೆ ನೀರು ತಟ್ಟಿ, ಗುಟುಕು ಗುಟುಕಾಗಿ ಕುಡಿಸಿದರು. ಮಗು ಚೇತರಿಸಿಕೊಂಡಿತು.

ಶಿವಾನಂದ ಕೈಮುಗಿದು, ಗ್ರೂಪಿನಲ್ಲಿ ಬರೆದದ್ದಕ್ಕೆ ಕ್ಷಮೆ ಕೇಳಿದರು. ತಲೆ ಎತ್ತಿ ನೋಡಿದರೆ… ಇಮಾಮಸಾಬರ ಕಣ್ಣಲ್ಲಿ ನೀರು.

ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಗಿರಾಕಿ ತನ್ನ ಕಾರಿಗೆ ಅಳತೆಗಿಂತ ಅಗಲದ ಟೈರು ಹಾಕು ಎಂದು ಹಟ ಹಿಡಿದಿದ್ದನಂತೆ. ತಿರುವಿನಲ್ಲಿ ಟೈರು ಬ್ರೇಕಿನ ಪೈಪಿಗೆ ಉಜ್ಜುತ್ತದೆ ಎಂದು ಇವರಿಗೆ ಗೊತ್ತಿತ್ತು. ಗಿರಾಕಿ ಬೇಜಾರಾಗುತ್ತಾನೆಂದು ಹಾಕಿಕೊಟ್ಟರು. ಘಾಟಿಗೆ ಹೋದ ಆತ ಮರಳಲಿಲ್ಲ, ಬ್ರೇಕ್ ಕೈಕೊಟ್ಟಿತ್ತು. ಯಾರೂ ಇವರನ್ನು ದೂರಲಿಲ್ಲ.

“ಖರೆ ಏನಂತ ನನಗ ಗೊತ್ತೈತ್ರಿ. ಅವತ್ತಿಂದ ಆ ಗಾಡಿಯೊಳಗ ನಾನೂ ಸಿಕ್ಕೊಂಡೇನ್ರಿ… ಅವತ್ತ ಅಂವ ಫೋನ್ ಮಾಡ್ಲಿಲ್ಲ. ಇವತ್ತ ನೀವು ಮಾಡಿದ್ರಿ.”

ಶಿವಾನಂದ ಅವರನ್ನು ಅಪ್ಪಿಕೊಂಡು ಮಗುವಿನಂತೆ ಅತ್ತರು.

ಆ ಸಂಜೆ ಶಿವಾನಂದ ನಡೆದದ್ದನ್ನೆಲ್ಲ ಅದೇ ಗ್ರೂಪಿನಲ್ಲಿ ಬರೆದರು. ಟೈರಿನ ವಯಸ್ಸು ನೋಡಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ… ಹೊಸ ವೈರು ಎಳೆದರೆ ಅದಕ್ಕೊಂದು ಫ್ಯೂಸ್ ಇರಲಿ, ನನ್ನ ಸ್ಪೀಕರಿನ ವೈರಿಗೆ ಇರಲಿಲ್ಲ. ತುರ್ತಿನಲ್ಲಿ ಬಾಗಿಲು ತೆರೆಯುವ ದಾರಿಯನ್ನು ಮುಚ್ಚಬೇಡಿ, ಕಾರಿನಲ್ಲಿ ಕೂರುವ ಮಕ್ಕಳಿಗೂ ಅದನ್ನು ತೋರಿಸಿ ಎಂದರು.

ಕೊನೆಗೆ ಇಮಾಮಸಾಬರ ಗ್ಯಾರೇಜಿನ ವಿಳಾಸ ಹಾಕಿದರು.

ನಮ್ಮ ಸಿಟ್ಟಿಗೆ ಹೆದರದೆ ‘ಬೇಡ’ ಎನ್ನುವವರಿಗೆ, ನಮ್ಮ ಖುಷಿಗಿಂತ ನಮ್ಮ ಜೀವ ದೊಡ್ಡದು.

ನಿಮಗೆ ಹಾಗೆ ‘ಬೇಡ’ ಎಂದವರು ಯಾರು… ಅವರ ಜೊತೆ ಮಾತು ಬಿಟ್ಟು ಎಷ್ಟು ದಿನವಾಯಿತು?