ಬಿಸಿನೀರು

ಆಪರೇಷನ್ ಕೋಣೆಯ ಕಿಂಡಿಯಿಂದ ಪಕ್ಕದ ತೊಳೆಯುವ ಕೋಣೆಗೆ ಟ್ರೇ ಬಂತು. ಮೇಲಿನ ಬಟ್ಟೆ ಎತ್ತಿದ ಜೈತುನಬೀ ತಟ್ಟನೆ ಮುಚ್ಚಿದಳು.

ಕತ್ತರಿ, ಚಿಮಟಗಳ ನಡುವೆ ಆ ಉದ್ದನೆಯ ಚೂಪು ಉಪಕರಣವಿತ್ತು. ಮಗು ಹೊಟ್ಟೆಯಲ್ಲೇ ಸತ್ತು, ತಾಯಿಯನ್ನಾದರೂ ಉಳಿಸಬೇಕಾದಾಗ ಮಾತ್ರ ಡಾಕ್ಟರು ಅದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಅದರ ತುಂಬ ರಕ್ತ.

ಒಳಗೆ ಮಲಗಿದ್ದವಳು ಚಂದ್ರವ್ವ. ಜೈತುನಬೀಯ ಜೊತೆಗೆ ಇದೇ ಕೋಣೆಯಲ್ಲಿ ಉಪಕರಣ ತೊಳೆಯುವ ಮಾಯಕ್ಕನ ಮಗಳು. ಕಣಕುಂಬಿಯ ಗಂಡನ ಮನೆಯಲ್ಲಿ ಹೆರಿಗೆ ನೋವು ತಿಂದು ತಿಂದು, ಕೊನೆಗೆ ಕಟ್ಟಿಗೆ ಲಾರಿಯಲ್ಲಿ ಖಾನಾಪುರ ದಾಟಿ ಬೆಳಗಾವಿಗೆ ಬಂದಿದ್ದಳು.

"ಬೀಬಿ, ಟ್ರೇ ಬಂತನ?" ಬಾಗಿಲಾಚೆಯಿಂದ ಮಾಯಕ್ಕ ಕೇಳಿದಳು. ಟ್ರೇ ನೋಡಿದರೆ ಒಳಗೆ ನಡೆದದ್ದೆಲ್ಲ ಇಬ್ಬರಿಗೂ ತಿಳಿಯುತ್ತಿತ್ತು.

"ಬಂತ. ನೀ ಅಲ್ಲೇ ಕುಂದ್ರ. ಅಜ್ಜಿ ಆಗಾಕ ಏನ ಅವಸರಾ? ಇನ್ನೂ ಹಲ್ಲ ಗಟ್ಟಿ ಅದಾವು ನಿನಗ."

"ಸಿಹಿ ಕುಂದಾ ತಿನ್ನಾಕ ಹಲ್ಲ ಯಾಕ ಬೇಕ!" ಬೀಬಿ ತಮಾಷೆ ಮಾಡುತ್ತಿದ್ದಾಳೆಂದರೆ ಎಲ್ಲ ನೆಟ್ಟಗಿದೆ ಎಂದುಕೊಂಡು ಮಾಯಕ್ಕ ನಗುತ್ತ ಒಳಗೇ ಬಂದುಬಿಟ್ಟಳು.

ಡಾಕ್ಟರು ಹೊರಬಂದು ಹೇಳುವ ತನಕವಾದರೂ ಇವಳು ಇದನ್ನು ನೋಡಬಾರದು. ಜೈತುನಬೀ ಟ್ರೇಯಲ್ಲಿದ್ದುದನ್ನೆಲ್ಲ ಪಂಪ್ ಸ್ಟೋವಿನ ಮೇಲೆ ಕುದಿಯುತ್ತಿದ್ದ ಪಾತ್ರೆಗೆ ಸುರಿದಳು.

ಮಾಯಕ್ಕನ ನಗು ನಿಂತಿತು. ಮೊದಲು ತಣ್ಣೀರು, ಬ್ರಷ್ಷು, ಕುದಿಸುವುದು ಆಮೇಲೆ. ಬಿಸಿ ತಾಗಿದರೆ ರಕ್ತ ಉಕ್ಕಿಗೆ ಕಚ್ಚಿಕೊಳ್ಳುತ್ತದೆ. ಇದನ್ನು ಅವಳಿಗೆ ಕಲಿಸಿದವಳೇ ಜೈತುನಬೀ.

"ಯಾಕ ಬೀಬಿ, ತೊಳೀಲಾರದ ಹಾಕಿದಿ?"

ಮಾಯಕ್ಕ ಇಕ್ಕಳ ಹಾಕಿ, ತಡಕಾಡಿ, ಆ ಚೂಪು ಉಪಕರಣವನ್ನು ಹೊರಗೆಳೆದಳು. ಸಂದಿನಲ್ಲಿ ರಕ್ತ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು.

"ಚಂದ್ರಿ?"

"ಅದಾಳ. ಅಲ್ಲಾನ ಆಣಿ, ಖರೇನ ಅದಾಳ. ಟ್ರೇ ಕೊಡೂವಾಗ ಸಿಸ್ಟರ್ ಕಿಂಡ್ಯಾಗ ಹೇಳಿದ್ರ." ಜೈತುನಬೀ ಕೈ ಚಾಚಿದಳು. "ತಾ ಇಲ್ಲೆ, ನಾ ತಿಕ್ಕತೇನಿ."

"ಬ್ಯಾಡ. ಇದೊಂದ ನಾನ ತೊಳೀತೇನಿ."

ಬಿಸಿ ಉಪಕರಣವನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಮಾಯಕ್ಕ ನೆಲದ ಮೇಲೆ ಕುಳಿತಳು. ಎಳೆಗೂಸಿಗೆ ನೀರೆರೆಯಲು ಕೂರುವಂತೆ ಎರಡೂ ಕಾಲು ನೀಡಿ, ಅದನ್ನು ಅವುಗಳ ಮೇಲೆ ಮಲಗಿಸಿದಳು. ತಂಬಿಗೆಯಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸಿ, ಮುಂಗೈ ಮೇಲೆ ಹನಿ ಬಿಟ್ಟು ಹದ ನೋಡಿದಳು.