ಖಾಲಿ ಕುರ್ಚಿಯ ಸಿಳ್ಳೆ

ಸಿಳ್ಳೆ ಕೇಳಿದ್ದೇ ತಡ, ಡೋರೀನ್ ಕೈಯಲ್ಲಿದ್ದ ಚಹಾ ಮಡಿಲಿಗೆ ಚೆಲ್ಲಿತು. ಬಿಸಿ ತಾಗಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಓಡಿಹೋಗಿ ರೆಕಾರ್ಡಿನ ಮೇಲಿಂದ ಮುಳ್ಳನ್ನು ಎತ್ತಿಬಿಟ್ಟಳು.

ಅದು ನೆವಿಲ್‌ನ ಸಿಳ್ಳೆ. ಅವಳ ಗಂಡ ನೆವಿಲ್ ಸತ್ತು ಹನ್ನೊಂದು ವರ್ಷವಾಗಿತ್ತು. ರೆಕಾರ್ಡು ಕಳೆದ ಚಳಿಗಾಲದ್ದು.

ಕೋಲ್ಡ್ ಹ್ಯಾಮರ್ ಅವರಿಬ್ಬರ ಯೌವನದ ರಾಕ್ ತಂಡ. ಶೆಫೀಲ್ಡಿನ ಉಕ್ಕಿನ ಕಾರ್ಖಾನೆ ಬಿಟ್ಟು ಗಿಟಾರು ಹಿಡಿದಿದ್ದ ಆ ನಾಲ್ವರಿಗೂ ಈಗ ಎಪ್ಪತ್ತು ದಾಟಿತ್ತು. ಇದೇ ಕೊನೆಯದು ಎಂದು ಸಾರಿ, ಹುಟ್ಟೂರಿನಲ್ಲೇ ಕಾರ್ಯಕ್ರಮ ಕೊಟ್ಟು, ಅದನ್ನೇ ಆಲ್ಬಮ್ ಮಾಡಿ ಹೊರತಂದಿದ್ದರು. ಆ ಸಂಜೆ ಡೋರೀನ್ ಸಭಾಂಗಣದಲ್ಲಿ ಇದ್ದಳು. ಹಳೆಯ ಅಭ್ಯಾಸಕ್ಕೆ ಎರಡು ಟಿಕೆಟ್ ಕೊಂಡಿದ್ದಳು. ಪಕ್ಕದ ಕುರ್ಚಿಯಲ್ಲಿ ಅವಳ ಕೋಟು ಮಾತ್ರ ಕೂತಿತ್ತು.

ನಿಧಾನಗತಿಯ ಹಾಡೊಂದು ಮುಗಿದು, ಚಪ್ಪಾಳೆ ತಗ್ಗಿದ ಮೇಲೆ ರೆಕಾರ್ಡಿನಲ್ಲಿ ಆ ಸಿಳ್ಳೆ ಬರುತ್ತಿತ್ತು. ಮೇಲೇರಿ, ನಡುವೆ ಒಡೆದು, ಮತ್ತೆ ಏರುವ ಸಿಳ್ಳೆ. ಮುಂದಿನ ಹಲ್ಲು ಅರ್ಧ ಮುರಿದವನಿಗೆ ಮಾತ್ರ ಬರುವಂಥದ್ದು. ಮದುವೆಗೆ ಮುಂಚೆ ನೆವಿಲ್ ಬೀದಿಯಲ್ಲಿ ನಿಂತು ಹಾಗೆ ಊದಿದರೆ ಡೋರೀನ್ ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದಳು. “ಇದು ನಿನಗೊಬ್ಬಳಿಗೇ,” ಎಂದಿದ್ದ ಅವನು.

ಚಹಾ ಚೆಲ್ಲಿದ ದಿನದಿಂದ ಡೋರೀನ್‌ಗೆ ದಿನವೂ ಅದೇ ಕೆಲಸವಾಯಿತು. ಮುಳ್ಳು ಇಡುವುದು, ಸಿಳ್ಳೆ ಕೇಳುವುದು, ತಟ್ಟನೆ ಎತ್ತುವುದು. ಮುಂದಕ್ಕೆ ಬಿಟ್ಟರೆ ಅವನು ಹೊರಟುಹೋಗುತ್ತಾನೆ ಎಂಬ ಭಯ. ಕಾರ್ಯಕ್ರಮದ ಸಂಜೆ ಆ ಖಾಲಿ ಕುರ್ಚಿಯಲ್ಲಿ ಅವನು ಬಂದು ಕೂತಿದ್ದ. ತಾನು ಅತ್ತ ತಿರುಗಿಯೂ ನೋಡಿರಲಿಲ್ಲ.

ಭಾನುವಾರ ಊಟಕ್ಕೆ ತಂಗಿ ಮೇವಿಸ್ ಬಂದಳು. ಅವಳಿಗೆ ಮದುವೆಯಾಗಿರಲಿಲ್ಲ, ಎರಡು ಬೀದಿ ಆಚೆ ಮನೆ. ಆ ತಂಡವೆಂದರೆ ತಲೆನೋವು ಎನ್ನುತ್ತಿದ್ದವಳು. ಡೋರೀನ್ ಏನೂ ಹೇಳದೆ ರೆಕಾರ್ಡು ಹಾಕಿದಳು.

ಸಿಳ್ಳೆ ಬಂತು. ಮೇವಿಸ್ ಕುರ್ಚಿಯಿಂದ ಅರ್ಧ ಎದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

“ನಿಲ್ಸು ಅಕ್ಕಾ.”

ಡೋರೀನ್ ಮುಳ್ಳೆತ್ತಿದಳು. “ನೋಡ್ದ್ಯಾ! ನಿನಗೂ ಗುರುತು ಸಿಕ್ತು.”

“ಸಿಗದೆ ಏನು? ನಮ್ಮನೆ ಮುಂದೆ ನಿಂತು ದಿನಾ ಹೊಡೀತಿದ್ನಲ್ಲ. ಬೀದಿ ನಾಯಿಗೂ ಗೊತ್ತಿತ್ತು.” ಮೇವಿಸ್ ಕೂತಳು. “ಅಕ್ಕಾ, ಅದನ್ನ ತೆಗೆದು ಬಿಸಾಕು. ಸತ್ತವರನ್ನ ಕೆಣಕಬಾರ್ದು.”

“ನನ್ನ ಗಂಡ ಕಣೇ. ನನಗ್ಯಾಕೆ ಭಯ?”

ಮೇವಿಸ್ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಕತ್ತರಿಸುತ್ತಲೇ ಇದ್ದಳು, ತಿನ್ನಲಿಲ್ಲ.

ಅದೇ ವಾರ ಪೇಟೆಯ ರೆಕಾರ್ಡು ಅಂಗಡಿಗೆ ತಂಡದ ಗಾಯಕ ಡೆರೆಕ್ ಥಾರ್ಪ್ ಸಹಿ ಹಾಕಿಕೊಡಲು ಬಂದ. ಡೋರೀನ್ ಸಾಲಿನ ಕೊನೆಯಲ್ಲಿ ನಿಂತಳು. ತನ್ನ ಸರದಿ ಬಂದಾಗ ಎಲ್ಲವನ್ನೂ ಹೇಳಿಬಿಟ್ಟಳು: ಸಿಳ್ಳೆ, ಮುರಿದ ಹಲ್ಲು, ಖಾಲಿ ಕುರ್ಚಿ.

ಡೆರೆಕ್ ಪೆನ್ನು ಕೆಳಗಿಟ್ಟ. ಸುತ್ತ ಒಮ್ಮೆ ನೋಡಿದ.

“ನೋಡಮ್ಮಾ, ಇದು ನಮ್ಮಿಬ್ಬರಲ್ಲೇ ಇರ್ಲಿ. ಆವತ್ತು ನೀವೂ ಬಂದಿದ್ರಲ್ಲ, ಅರ್ಧ ಹಾಲ್ ಖಾಲಿ. ಇದ್ದೋರೆಲ್ಲ ನಮ್ಮ ವಯಸ್ಸಿನೋರು. ಚಪ್ಪಾಳೆಗಿಂತ ಕೆಮ್ಮೇ ಜೋರಾಗಿ ಕೇಳ್ತಿತ್ತು. ಅದಕ್ಕೆ ಜನರ ಗದ್ದಲ ಎಲ್ಲಾ ನಮ್ಮದೇ ಹಳೇ ಕಾರ್ಯಕ್ರಮದ ಟೇಪಿಂದ ತಗೊಂಡು ಸೇರಿಸಿದ್ವಿ.”

“ಹಳೇದು ಅಂದ್ರೆ? ಈ ಊರಿಂದಾ?”

“ಅಲ್ಲ, ಗ್ಲಾಸ್ಗೋದು. ಎಪ್ಪತ್ತೆಂಟನೇ ಇಸವಿ, ಅಕ್ಟೋಬರ್. ಎಂಥಾ ಜನ ಅಂತೀರಿ!”

ಆ ಅಕ್ಟೋಬರ್ ಡೋರೀನ್‌ಗೆ ಚೆನ್ನಾಗಿ ನೆನಪಿತ್ತು. ಅಮ್ಮನ ಕೊನೆಯ ದಿನಗಳು. ಡೋರೀನ್ ಅಮ್ಮನ ಹಾಸಿಗೆಯ ಪಕ್ಕದಿಂದ ಕದಲಿರಲಿಲ್ಲ. ಮೇವಿಸ್ ಆ ನರಳಾಟ ನೋಡಲಾರದೆ ಗೆಳತಿಯ ಊರಿಗೆ ಹೋಗಿಬಿಟ್ಟಿದ್ದಳು. ಆಗಲೇ ಗಂಡನಾಗಿದ್ದ ನೆವಿಲ್ ಎರಡೆರಡು ಪಾಳಿ ದುಡಿದು ಕಾರ್ಖಾನೆಯಲ್ಲೇ ಮಲಗುತ್ತಿದ್ದ. ಗ್ಲಾಸ್ಗೋಗೆ ಅವನು ಜನ್ಮದಲ್ಲೇ ಹೋದವನಲ್ಲ.

ಹಾಗಾದರೆ ಅವನಲ್ಲ. ಹಲ್ಲು ಮುರಿದ ಇನ್ಯಾರೋ ಹುಡುಗ.

ಬಸ್ಸಿನಲ್ಲಿ ಅವಳು ಮನೆಯವರೆಗೂ ಅತ್ತಳು. ಎರಡನೇ ಸಲ ವಿಧವೆಯಾದ ಹಾಗಿತ್ತು. ಆದರೆ ಮರುದಿನ ಎದ್ದಾಗ ಎದೆಯ ಭಾರ ಇಳಿದಿತ್ತು. ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂದಿತ್ತು.

ಮುಂದಿನ ಭಾನುವಾರ ಊಟವಾದ ಮೇಲೆ ತಂಗಿಗೆ ಅದನ್ನೇ ಹೇಳಿದಳು. “ದೆವ್ವಾನೂ ಅಲ್ಲ, ನೆವಿಲ್‌ನೂ ಅಲ್ಲ ಕಣೇ. ಎಲ್ಲೋ ಹಳೇ ಟೇಪಂತೆ.”

ಮೇವಿಸ್ ಉಸಿರು ಬಿಟ್ಟಳು. “ನಾನು ಆವತ್ತೇ ಬಿಸಾಕು ಅನ್ನಲಿಲ್ವಾ? ಸುಮ್ನೆ ತಲೆ ಕೆಡಿಸ್ಕೊಂಡೆ ನೀನು.”

“ನಾನೇ ಹುಚ್ಚಿ. ಇದುವರೆಗೂ ಆ ಸಿಳ್ಳೆ ದಾಟಿ ಮುಂದೆ ಕೇಳೇ ಇಲ್ಲ. ಇವತ್ತು ಪೂರ್ತಿ ಕೇಳೋಣ.” ಡೋರೀನ್ ನಗುತ್ತಾ ಮುಳ್ಳಿಟ್ಟಳು. “ಪಾಪ, ಯಾರದೋ ಸಿಳ್ಳೆ. ಗ್ಲಾಸ್ಗೋ ಅಂತೆ, ಎಪ್ಪತ್ತೆಂಟರದು.”

ಮೇವಿಸ್‌ಳ ಬಟ್ಟಲು ತಟ್ಟೆಗೆ ತಾಗಿ ಸದ್ದಾಯಿತು.

ಹಾಡು ಮುಗಿಯಿತು. ಚಪ್ಪಾಳೆ ತಗ್ಗಿತು. ಸಿಳ್ಳೆ ಮೇಲೇರಿ, ಒಡೆದು, ಮತ್ತೆ ಏರಿತು. ಡೋರೀನ್ ಈ ಸಲ ಕದಲಲಿಲ್ಲ. ಕದಲಿದವಳು ಮೇವಿಸ್. ಕುರ್ಚಿ ಉರುಳಿಸಿಕೊಂಡು ಎದ್ದು, ಮುಳ್ಳಿನ ಕಡೆಗೆ ಕೈ ಚಾಚಿದಳು.

ಅಷ್ಟರಲ್ಲಿ ಗುಂಪಿನೊಳಗಿಂದ ಒಂದು ಹೆಣ್ಣು ದನಿ, ಏದುಸಿರು ಬಿಡುತ್ತಾ, ಹತ್ತಿರ ಹತ್ತಿರ ಬಂತು: “ಬಂದೆ ಕಣೋ ನೆವಿಲ್! ಊರಿಗೆಲ್ಲಾ ಕೇಳೋ ಹಾಗೆ ಕರೀಬೇಡ!”

ಮೇವಿಸ್‌ಳ ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಇಪ್ಪತ್ತರ ವಯಸ್ಸಿನ ಅವಳದೇ ನಗು ಕೋಣೆಯನ್ನೆಲ್ಲ ತುಂಬಿತು.