ಮಲಗಿಸಿದ ಗರಗಸ

"ಎಲ್ಲಾ ಮಲಗಿಸಿದೀರಾ ಅತ್ತೆ?" ವ್ಯಾನಿನ ಹಿಂಬಾಗಿಲು ತೆರೆಯುತ್ತಾ ಅಳಿಯ ಕೇಳಿದ.

"ಒಂದನ್ನೂ ಬಿಟ್ಟಿಲ್ಲ ಕಣಪ್ಪಾ. ಎಲ್ಲಾ ಹಾಯಾಗಿ ಮಲಗಿವೆ," ಎಂದರು ಅತ್ತೆ.

ಅಳಿಯ ಬಡಗಿ. ಅವನ ಬ್ಯಾಟರಿ ಮೆಷಿನುಗಳು ಸೋಫಾದ ಕೆಳಗೆ, ಬಚ್ಚಲಿನ ಮುಂದೆ, ಎಲ್ಲೆಂದರಲ್ಲಿ ಬಿದ್ದಿರುವುದನ್ನು ನೋಡಲಾರದೆ ಅತ್ತೆ ನಿನ್ನೆ ಮಧ್ಯಾಹ್ನವಿಡೀ ಕೂತು, ಒಂದರ ಮೇಲೊಂದು ಕೂರುವ ಹೊಸ ಪೆಟ್ಟಿಗೆಗಳಲ್ಲಿ ಅವನ್ನು ಜೋಡಿಸಿದ್ದರು. ಪ್ರತಿಯೊಂದಕ್ಕೂ ದುಂಡು ಅಕ್ಷರದ ಚೀಟಿ: ಕೊರೆಯುವುದು, ಕೊಯ್ಯುವುದು, ಉಜ್ಜುವುದು. "ಈ ಅಕ್ಷರ ನೋಡಿದ್ರೆ ಮರ ತಾನಾಗೇ ತುಂಡಾಗುತ್ತೆ ಬಿಡಿ," ಎಂದು ಅಳಿಯ ನಕ್ಕ. ಪೆಟ್ಟಿಗೆಗಳನ್ನು ಪೇರಿಸಿ, ಟಕ್ಕೆಂದು ಕೊಂಡಿ ಹಾಕಿ, ವ್ಯಾನಿಗೇರಿಸಿಕೊಂಡು ಹೊರಟ. ತಿರುವಿನವರೆಗೂ ಅತ್ತೆ ಅವನನ್ನೇ ನೋಡುತ್ತಾ ನಿಂತಿದ್ದರು. ಬಹಳ ದಿನಗಳ ಮೇಲೆ ಒಂದು ಕೆಲಸಕ್ಕೆ ಬಂದೆನಲ್ಲ ಎಂಬ ಹಿಗ್ಗು.

ಒಳಗೆ ಮಗಳು ಒದ್ದೆ ತಲೆ ಬಾಚಿಕೊಳ್ಳುತ್ತಿದ್ದಳು. "ಬ್ಯಾಟರಿಗಳನ್ನ ಯಾವ ಪೆಟ್ಟಿಗೇಲಿ ಹಾಕ್ದೆ ಅಮ್ಮಾ?"

"ಅವಕ್ಯಾಕೆ ಬೇರೆ ಪೆಟ್ಟಿಗೆ? ಯಾರದ್ದು ಅವರವರಿಗೇ ಸಿಕ್ಕಿಸಿದೆ. ಕಾಲಿಗೆ ಚಪ್ಪಲಿ ಹಾಕ್ದಂಗೆ ಕಟ್ ಅಂತ ಕೂತ್ಕೊಂಡ್ವು ನೋಡು."

ಬಾಚಣಿಗೆ ಅರ್ಧಕ್ಕೇ ನಿಂತಿತು. "ಮಲಗಿಸಿದೀನಿ ಅಂದ್ಯಲ್ಲ ಅವರಿಗೆ?"

"ಹ್ಞೂಂ, ಎಲ್ಲಾ ಅಡ್ಡಡ್ಡ ಮಲಗಿಸಿದೀನಿ. ಗರಗಸ ಒಂದು ಅಲ್ಲಾಡ್ತಿತ್ತು. ಹಿಡಿಗೆ ಟವೆಲ್ ಸುತ್ತಿ ಬಿಗಿಯಾಗಿ ಗಂಟು ಹಾಕ್ದೆ."

"ಅಯ್ಯೋ ಅಮ್ಮಾ! ಮಲಗಿಸೋದು ಅಂದ್ರೆ ಇವರ ಮಾತಲ್ಲಿ ಬ್ಯಾಟರಿ ಕಳಚಿಡೋದು! ಬೆಳಿಗ್ಗೆ ಹೋದ ತಕ್ಷಣ ಅವರು ಮಾಡೋ ಮೊದಲನೇ ಕೆಲಸ ಗರಗಸದ ಬ್ಲೇಡ್ ಬದಲಾಯಿಸೋದು. ಪೆಟ್ಟಿಗೇಲಿದ್ದ ಹಾಗೇ ಕೈ ಹಾಕ್ತಾರೆ. ಮಲಗಿದೆ ಅಂತ ಹೇಳಿದ್ಮೇಲೆ ಮತ್ತೆ ನೋಡೋದೇ ಇಲ್ಲ. ಟವೆಲ್ ಒಳಗಿರೋ ಬ್ಯಾಟರಿ ಕಾಣೋದಾದ್ರೂ ಹೇಗೆ?"

ಅಳಿಯನಿಗೆ ಕೆಲಸ ಕಲಿಸಿದ ಮೇಸ್ತ್ರಿಯನ್ನು ಅತ್ತೆ ಮದುವೆಯಲ್ಲಿ ನೋಡಿದ್ದರು. ಆತನ ಎಡಗೈಯಲ್ಲಿ ಎರಡೇ ಬೆರಳಿದ್ದವು. ಮಗಳು ಮತ್ತೆ ಮತ್ತೆ ಫೋನು ಮಾಡಿದಳು. ಅತ್ತ ಕಡೆ ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಇಬ್ಬರೂ ಸ್ಕೂಟರ್ ಹತ್ತಿದರು. ದಾರಿಯುದ್ದಕ್ಕೂ ಅತ್ತೆ ಮಗಳ ಸೊಂಟ ಹಿಡಿದ ತಮ್ಮ ಕೈಯನ್ನೇ ನೋಡುತ್ತಾ ಕೂತಿದ್ದರು.

ಅಳಿಯನ ಕೆಲಸ ಇದ್ದದ್ದು ಇನ್ನೂ ಕಟ್ಟುತ್ತಿದ್ದ ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟ್ ಇನ್ನೂ ಬಂದಿರಲಿಲ್ಲ, ಮೆಟ್ಟಿಲಿಗೆ ಹಿಡಿಯಲು ಕಂಬಿಯೂ ಇಲ್ಲ. ಮಗಳು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಅತ್ತೆ ಒಂದು ಮಹಡಿ ಏರಿಯಾಗಿತ್ತು. ಮೇಲಿನಿಂದ ಮೆಷಿನಿನ ಕಿರುಚಾಟ ಕೇಳುತ್ತಿತ್ತು. ಅದು ತಟ್ಟನೆ ನಿಂತಾಗ ಅವರ ಎದೆಯೂ ನಿಂತಂತಾಯಿತು. ಎರಡನೇ ಮಹಡಿಯಲ್ಲಿ ಟೈಲ್ಸ್ ಕತ್ತರಿಸುತ್ತಿದ್ದವನು ಅವರಿಗೆ ಧೂಳು ಹಾರಬಾರದೆಂದು ಮೆಷಿನ್ ಆರಿಸಿದ್ದ. "ಗೋಡೆ ಕಡೆಗೇ ಹತ್ತಿ ಅಮ್ಮಾ, ನಿಧಾನ," ಎಂದ. ಬೇರೆ ದಿನವಾಗಿದ್ದರೆ ಅವರು ಅವನನ್ನು ಹರಸಿ ಮುಂದೆ ಹೋಗುತ್ತಿದ್ದರು.

ಮೂರನೇ ಮಹಡಿಯ ಅಡುಗೆಮನೆಯಲ್ಲಿ ಅಳಿಯ ಬಾಗಿಲಿಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಿದ್ದ. 'ಕೊಯ್ಯುವುದು' ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಎಡಗೈ ಆಗಲೇ ಬ್ಲೇಡನ್ನು ಹಿಡಿದಿತ್ತು. ಬಲಗೈ ಟವೆಲಿನ ಗಂಟು ಹುಡುಕುತ್ತಿತ್ತು. ಕಣ್ಣು ಮಾತ್ರ ಗೋಡೆಗೆ ಒರಗಿಸಿದ್ದ ಹಲಗೆಯ ಮೇಲೆ.

ಕೂಗಬೇಕೆಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಬೆಚ್ಚಿಬಿದ್ದರೆ? ಒಂದು ಬೆರಳು ಸಾಕು, ಗುಂಡಿ ಅದುಮಲು. ಅತ್ತೆ ಸದ್ದಿಲ್ಲದೆ ಹಿಂದೆ ಬಂದು ನಿಂತು, ಕಾಫಿಗೆ ಕರೆಯುವಷ್ಟು ಮೆಲ್ಲಗೆ ಹೇಳಿದರು:

"ಅಪ್ಪಾ, ನಾನು ಕಣಪ್ಪಾ. ಬಲಗೈ ಅಲ್ಲಾಡಿಸ್ಬೇಡ. ಆ ಎಡಗೈ ಸ್ವಲ್ಪ ನನಗೆ ಕೊಡು."

"ಅತ್ತೆ? ನೀವಿಲ್ಲಿ..."

"ಆಮೇಲೆ ಹೇಳ್ತೀನಿ. ಮೊದಲು ಕೈ ಕೊಡು."

ಅವನು ಅರ್ಥವಾಗದೆಯೇ ಕೈ ಚಾಚಿದ. ಅತ್ತೆ ಅದನ್ನು ಎರಡೂ ಕೈಗಳಲ್ಲಿ ಬಾಚಿ ಎದೆಗೆ ಒತ್ತಿಕೊಂಡರು. ಆಗ ಅವನ ಬಲಗೈಯ ಬೆರಳಿಗೆ ಸಿಕ್ಕಿದ್ದ ಟವೆಲಿನ ಅಂಚು ಒಂದಿಷ್ಟು ಎಳೆದುಕೊಂಡು ಗುಂಡಿಯನ್ನು ಅದುಮಿತು, ಅಷ್ಟೇ. ಗುರ್‍ರ್ ಎಂದು ಗರಗಸ ಪೆಟ್ಟಿಗೆಯೊಳಗೇ ಎಗರಾಡಿ ಅದರ ಗೋಡೆಯನ್ನು ಕೊಯ್ದು ಹೊರಬಂತು. ಅವನು ಅದನ್ನು ಮೊಣಕಾಲಲ್ಲಿ ಅದುಮಿ, ಟವೆಲಿನೊಳಗೆ ತಡಕಾಡಿ ಬ್ಯಾಟರಿಯನ್ನು ಕಿತ್ತೆಸೆದ. ಅದು ನೆಲದ ಮೇಲೆ ಜಾರುತ್ತಾ ಹೋಗಿ, ಆಗತಾನೆ ಬಾಗಿಲಿಗೆ ಬಂದ ಮಗಳ ಕಾಲಿಗೆ ಬಡಿದು ನಿಂತಿತು.

"ನನ್ನಿಂದ... ನಾನು ಮಲಗಿಸೋದು ಅಂದ್ರೆ ಬೇರೆ ಏನೋ ಅಂದ್ಕೊಂಡೆ ಕಣಪ್ಪಾ," ಎಂದರು ಅತ್ತೆ.

"ಅಯ್ಯೋ, ತಪ್ಪು ನಂದು ಅತ್ತೆ. ಕೇಳಿ ಸುಮ್ಮನಾಗದೆ ಕಣ್ಣಲ್ಲಿ ನೋಡ್ಬೇಕಿತ್ತು. ಏನಾಯ್ತೀಗ? ಒಂದು ಪೆಟ್ಟಿಗೆಗೆ ಕಿಟಕಿ ಬಂತು, ಗಾಳಿ ಬೆಳಕು ಆಡುತ್ತೆ ಬಿಡಿ," ಎಂದು ಅಳಿಯ ನಕ್ಕ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯೂ ನಗಲಿ ಎಂದು ಇನ್ನಷ್ಟು ಜೋರಾಗಿ ನಕ್ಕ.

ಅತ್ತೆ ನಗಲಿಲ್ಲ. ಅವರ ಅಂಗೈಗಳ ನಡುವೆ ಅವನ ಐದೂ ಬೆರಳುಗಳು, ಗೂಡಿನಿಂದ ಬಿದ್ದ ಹಕ್ಕಿಮರಿಯ ಹಾಗೆ ನಡುಗುತ್ತಿದ್ದವು.